ಟಗರಿನ ಹಣೆಯ ನಂಬರು

"ಎಲ್ಲಾ ಆತ್ರೀ ಅಕ್ಕಾರ. ಬ್ರೇಕ ಹಿಡದೈತಿ, ಹಾರ್ನ ಒದರತೈತಿ, ಲೈಟ ಹತ್ತತೈತಿ. ಹೊಗಿ ಅಂತೂ ಊದಿನಕಡ್ಡಿಗಿಂತ ಕಡಿಮಿ ಆಗೈತಿ. ಇನ್ನ ಚಾಸಿ ನಂಬರೊಂದು ಎಲ್ಲೈತಿ ತೋರಿಸಿಬಿಡ್ರಿ. ಪೆನ್ಸಿಲ ತಿಕ್ಕಿ ಅಚ್ಚ ತಗದ ಕೊಡತೀನಿ," ಎಂದ ಸಾತಪ್ಪ.

ಅವನು ಅದನ್ನು ಕೂಗಿಯೇ ಹೇಳಬೇಕಾಯಿತು. ವಡಗಾವಿಯ ಆ ಓಣಿಯಲ್ಲಿ ಎರಡೂ ಬದಿಯ ಮನೆಗಳಿಂದ ಮಗ್ಗದ ಸದ್ದು ಬರುತ್ತಿರುತ್ತದೆ, ಮೆತ್ತಗೆ ಮಾತಾಡುವವರು ಅಲ್ಲಿ ಬಾಳುವುದಿಲ್ಲ. ಸಾತಪ್ಪನೂ ಮೊದಲು ಮಗ್ಗ ರಿಪೇರಿ ಮಾಡಿಕೊಂಡಿದ್ದವನೇ. ಆಮೇಲೆ ಮೊಪೆಡ್ಡುಗಳಿಗೆ ಇಳಿದ. ಹಳೇ ಮೊಪೆಡ್ ಅಂದರೆ ಬೆಳಗಾವಿಯಲ್ಲಿ ಉಳಿದ ಮೆಕ್ಯಾನಿಕ್‌ಗಳೆಲ್ಲ ಮೂಗು ಮುರಿಯುತ್ತಾರೆ, ಇವನೊಬ್ಬ ಕುರ್ಚಿ ಹಾಕಿ ಕೂರಿಸುತ್ತಾನೆ.

ಕುರ್ಚಿಯಲ್ಲಿ ಬೆಳಗಿನಿಂದ ಕೂತಿದ್ದವಳು ಪ್ರಮಿಳಾ. ಖಾನಾಪುರದವಳು, ವಯಸ್ಸು ನಲವತ್ತರ ಆಸುಪಾಸು, ಸಿಟ್ಟು ಮೂಗಿನ ತುದಿಯಲ್ಲೇ. ಊರಿನಿಂದ ಏಳು ಕಿಲೋಮೀಟರ್ ಆಚೆ, ಕಾಡಂಚಿನ ಗೌಳಿವಾಡದ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸ ಅವಳದು, ಇವತ್ತು ರಜೆ ಹಾಕಿದ್ದಳು. ಅವಳ ಮೊಪೆಡ್ಡಿಗೆ ಹದಿನೈದು ವರ್ಷ ತುಂಬಿತ್ತು. ಹದಿನೈದು ತುಂಬಿದ ಗಾಡಿಯನ್ನು ಆರ್‌ಟಿಓ ಕಚೇರಿಗೆ ಒಯ್ದು, ಇನ್ಸ್‌ಪೆಕ್ಟರರ ಮುಂದೆ ನಿಲ್ಲಿಸಿ, ಇದು ಇನ್ನೂ ರಸ್ತೆಯ ಮೇಲೆ ಓಡಬಹುದು ಅಂತ ಸಹಿ ಹಾಕಿಸಿಕೊಂಡು ಬರಬೇಕು. ಪಾಸಾದರೆ ಇನ್ನೈದು ವರ್ಷ. ಇಲ್ಲದಿದ್ದರೆ ಗುಜರಿ. ಗುರುವಾರ ಹನ್ನೊಂದು ಗಂಟೆಗೆ ಬರಲು ಹೇಳಿದ್ದರು. ಇವತ್ತು ಸೋಮವಾರ.

"ನಂಬರ ಎಲ್ಲಿರತೈತಿ ಅಂತ ನನಗೇನ ಗೊತ್ತೋ? ಮೆಕ್ಯಾನಿಕ್ ನೀ ಇದ್ದಿಯೋ ನಾ ಇದ್ದೀನೋ?"

"ಇರೂ ಜಾಗಾ ನನಗೂ ಗೊತ್ತೈತ್ರೀ. ಹ್ಯಾಂಡಲ್ ಕೆಳಗ, ಈ ಕುತಿಗಿ ಪೈಪಿನ ಮ್ಯಾಲೆ ಕಂಪನಿಯವರು ಒತ್ತಿರತಾರ. ಆದರ ಇಲ್ಲಿ ನೋಡ್ರಿ ಏನೈತಿ."

ಪ್ರಮಿಳಾ ಬಗ್ಗಿ ನೋಡಿದಳು. ಹದಿನೈದು ವರ್ಷದಿಂದ ದಿನವೂ ನೋಡುತ್ತಿದ್ದದ್ದೇ, ಆದರೆ ಇವತ್ತೇ ಮೊದಲ ಸಲ ಕಂಡಂತಾಯಿತು. ಹ್ಯಾಂಡಲ್ಲಿನ ಬುಡದಲ್ಲಿ ಹಳದಿಯ ಒಂದು ದಪ್ಪ ಗಡ್ಡೆ ಬೆಳೆದು ಕೂತಿತ್ತು. ಪದರಿನ ಮೇಲೆ ಪದರು. ನಂಬರು ಆ ಗಡ್ಡೆಯ ಹೊಟ್ಟೆಯೊಳಗೆ ಎಲ್ಲೋ ಇರಬೇಕು.

ಆ ಗಡ್ಡೆ ಬೇರೇನೂ ಅಲ್ಲ, ಭಂಡಾರ. ಬೀರಪ್ಪ ದೇವರ ಅರಿಶಿನದ ಪುಡಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರಮಿಳಾಳ ಅತ್ತೆ ಮಾಯಕ್ಕ ಕುರಿ ಕಾಯ್ದ ಮನೆತನದ ಹೆಂಗಸು. ಸೊಸೆ ಹೊಸದಾಗಿ ಕೆಲಸಕ್ಕೆ ಸೇರಿ, ಸಂತೆಯ ತರಕಾರಿ ಚೀಲ ತಲೆಯ ಮೇಲೆ ಹೊತ್ತು ಏಳು ಕಿಲೋಮೀಟರ್ ನಡೆಯುತ್ತಿದ್ದದ್ದನ್ನು ಒಂದು ತಿಂಗಳು ನೋಡಿದಳು. ಎರಡನೇ ತಿಂಗಳು ತನ್ನ ಪಾಲಿಗೆ ಬಂದಿದ್ದ ಟಗರುಗಳನ್ನು ಮಾರಿ, ಮೊಪೆಡ್ ತರಿಸಿ ಅಂಗಳದಲ್ಲಿ ನಿಲ್ಲಿಸಿದಳು. ಗಾಡಿಯ ಕಾಗದದ ಮೇಲಿರುವುದೂ ಅವಳ ಹೆಸರೇ. ಟಗರು ಕೊಟ್ಟು ತಂದದ್ದಾದ್ದರಿಂದ ಅವಳ ಮಟ್ಟಿಗೆ ಅದೂ ಒಂದು ಟಗರು. ಎರಡು ಹ್ಯಾಂಡಲ್ ಅಂದರೆ ಎರಡು ಕೊಂಬು. ಕೊಂಬಿನ ನಡುವಿನದು ಹಣೆ. ಟಗರಿನ ಹಣೆಗೆ ಭಂಡಾರ ಹಚ್ಚದೆ ಬಿಡುವುದುಂಟೆ? ಎಣ್ಣೆಯಲ್ಲಿ ಕಲಸಿದ ಭಂಡಾರವನ್ನು ಪ್ರತಿ ಅಮಾವಾಸ್ಯೆಗೆ ಒಂದು ಬೊಟ್ಟು, ದಸರೆಯ ಖಂಡೆ ಪೂಜೆಗೆ ಅಂಗೈ ತುಂಬ ಹಚ್ಚುತ್ತಿದ್ದಳು. ಹಚ್ಚಿದ್ದನ್ನು ಒರೆಸಲು ಯಾರಿಗೂ ಬಿಡುತ್ತಿರಲಿಲ್ಲ. ಅವಳ ಮಗ ಗುರುಸಿದ್ದನೋ, ವರ್ಷಕ್ಕೊಮ್ಮೆ ಗಾಡಿಗೆ ಬಣ್ಣ ಬಳಿಯುವ ಚಟದವನು. ಒರೆಸಿದರೆ ತಾಯಿ ಬೈಯುತ್ತಾಳೆ ಅಂತ ಭಂಡಾರದ ಮೇಲೇ ಬಣ್ಣ ಎಳೆದುಬಿಡುತ್ತಿದ್ದ. ಅದರ ಮೇಲೆ ಮತ್ತೆ ಭಂಡಾರ. ಹೀಗೆ ಹದಿನೈದು ವರ್ಷ.

ಸಾತಪ್ಪ ಸೀಮೆಎಣ್ಣೆ ಹಾಕಿ ತಿಕ್ಕಿದ. ಥಿನ್ನರ್ ಹಾಕಿ ತಿಕ್ಕಿದ. ಗಡ್ಡೆ ಮಿಂಚಿತೇ ಹೊರತು ಜಗ್ಗಲಿಲ್ಲ.

"ಗ್ರೈಂಡರ್ ಹಚ್ಚಿದರ ಎರಡ ನಿಮಿಷದಾಗ ಹೋಗತೈತ್ರೀ," ಎಂದ ಬೆವರು ಒರೆಸಿಕೊಳ್ಳುತ್ತ. "ಆದರ ನನ್ನ ಕೈಲಿಂದ ಆ ಕೆಲಸ ಬ್ಯಾಡ. ಒಂದ ಅಂಕಿ ಸವದರೂ ಮುಗೀತು. ನಂಬರ ತಿದ್ದ್ಯಾರ, ಕಳುವಿನ ಗಾಡಿ ಇದ್ದರೂ ಇರಬಹುದು ಅಂತಾರ. ಗಾಡಿ ಅಲ್ಲೇ ಹಿಡದ ಇಟ್ಟುಕೊಂತಾರ. ಮನಿಗೆ ಒಯ್ರಿ, ನಿಧಾನಕ ಬಿಡಿಸ್ರಿ. ಎಷ್ಟು ಸಾಧ್ಯ ಅಷ್ಟು ನಿಧಾನಕ."

ನಿಧಾನ! ಪ್ರಮಿಳಾಳಿಗೆ ನಿಧಾನ ಅಂತ ಹೇಳುವುದೂ ಒಂದೇ, ಹಾದಿಯ ಕಲ್ಲಿಗೆ ಹೇಳುವುದೂ ಒಂದೇ. ಬೆಳಗಾವಿಯಿಂದ ಖಾನಾಪುರದವರೆಗೆ ಅವಳು ಗಾಡಿಯನ್ನಲ್ಲ, ಸಿಟ್ಟನ್ನೇ ಓಡಿಸಿಕೊಂಡು ಬಂದಳು. ಗೌಳಿವಾಡಕ್ಕೆ ಬಸ್ಸು ಬರುವುದು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ತರಕಾರಿ ಬಂದಿಳಿಯುವುದು ಬೆಳಗಿನ ಬಸ್ಸು ಹೋದ ಮೇಲೆ. ಹೆಡ್‌ಮಾಸ್ತರರು ಮೊನ್ನೆಯೇ ಹೇಳಿಬಿಟ್ಟಿದ್ದರು: "ಮಕ್ಕಳ ಊಟ ತಡಾ ಆಗಬಾರದು ನೋಡ್ರಿ. ಗಾಡಿ ಇಲ್ಲಂದ್ರ ಊರಾಗಿನವರನ್ನ ಯಾರನ್ನರ ತಗೋಬೇಕಾಗತೈತಿ, ಬ್ಯಾಸರ ಮಾಡಿಕೋಬ್ಯಾಡ್ರಿ." ಮನೆಗೆ ಇನ್ನೊಂದು ಕೋಣೆ ಕಟ್ಟಿಸುವ ಕೆಲಸ ಅರ್ಧಕ್ಕೆ ನಿಂತಿತ್ತು, ಹೊಸ ಗಾಡಿಯ ಮಾತು ಸದ್ಯಕ್ಕೆ ಯಾರ ಬಾಯಲ್ಲೂ ಬರುವಂತಿರಲಿಲ್ಲ. ಗಾಡಿ ಹೋದರೆ ಶಾಲೆಯೂ ಹೋಯಿತು. ಆ ಶಾಲೆಯ ಅರವತ್ತು ಮಕ್ಕಳು ಅವಳನ್ನು ಚಿಕ್ಕವ್ವ ಅಂದ ಹಾಗೆ "ಮಾವಶಿ, ಮಾವಶಿ" ಅಂತ ಸುತ್ತಿಕೊಳ್ಳುತ್ತಿದ್ದರು. ಅದನ್ನು ಬಿಟ್ಟು ಮನೆಯಲ್ಲಿ ಕೂರುವುದು ಅವಳಿಗೆ ಊಹೆಗೂ ಬಾರದ ಸಂಗತಿ.

ಮನೆ ಮುಟ್ಟುವಷ್ಟರಲ್ಲಿ ಮಾಯಕ್ಕ ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಬಂದೇನವ್ವಾ? ಏನಂದ ಆ ಸಾತಪ್ಪ?"

"ಏನಂತಾನ? ನಿಮ್ಮ ಭಂಡಾರ ನನ್ನ ಗಾಡಿ ನುಂಗೇತಿ ಅಂದ!" ಪ್ರಮಿಳಾ ಸ್ಟ್ಯಾಂಡ್ ಒದ್ದು ನಿಲ್ಲಿಸಿದಳು. "ನೋಡ್ರಿ ಇಲ್ಲಿ, ಹೆಂಗ ಗಡ್ಡಿ ಕಟ್ಟೈತಿ. ಅದರ ಬುಡಕ ನಂಬರ ಐತೆಂತ. ನಂಬರ ಕಾಣಲಿಲ್ಲಂದ್ರ ಗಾಡಿ ಗುಜರಿಗೆ. ನೂರ ಸಲ ಹೇಳೀನಿ, ಇದು ಕುರಿ ಅಲ್ರೀ ಅತ್ತಿ, ಗಾಡಿ ಅಂತ. ಕೇಳಿದ್ರೇನ?"

ಮಾಯಕ್ಕ ಎದ್ದಳು, ಸೆರಗಿಗೆ ಸಿಕ್ಕಿಸಿಕೊಂಡಿದ್ದ ಭಂಡಾರದ ಚೀಲ ಬಿಚ್ಚಿದಳು, ಒಳಗೆ ಹೋಗಿ ದೇವರ ಮಾಡದಲ್ಲಿ ಇಟ್ಟಳು.

"ಇನ್ನ ನಿನ್ನ ಗಾಡಿಗೆ ನಾ ಭಂಡಾರ ಹಚ್ಚಿದರ ಕೇಳವ್ವಾ," ಎಂದಳು ಹೊರಗೆ ಬಂದು, ಮತ್ತೆ ಬೆಳ್ಳುಳ್ಳಿಯ ಮುಂದೆ ಕೂತಳು.

ಗುರುಸಿದ್ದ ಬೆಳಗಾವಿಯ ಒಂದು ಬ್ಯಾಂಕಿನಲ್ಲಿ ಜವಾನ. ಸಂಜೆಯ ಪ್ಯಾಸೆಂಜರ್ ರೈಲಿಗೆ ಬಂದಿಳಿದವನಿಗೆ ಮನೆಯ ಹವಾ ಹೊಸ್ತಿಲಲ್ಲೇ ತಿಳಿಯಿತು. ತಾಯಿಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ, ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದ. ಜಾಣ.

"ಪೇಪರ ಆಮ್ಯಾಲೆ ಓದರಿ," ಎಂದಳು ಪ್ರಮಿಳಾ. "ಭಂಡಾರದ ಮ್ಯಾಲೆ ಬಣ್ಣಾ ಬಳಿಯೂ ಬುದ್ಧಿ ನಿಮಗ ಯಾರ ಕೊಟ್ಟರು? ಅರ್ಧಾ ತಪ್ಪ ನಿಮ್ಮದೂ ಐತಿ."

"ಹೌದ ಬಿಡ, ನಂದೂ ಐತಿ," ಎಂದ ಗುರುಸಿದ್ದ ಪೇಪರಿನ ಹಿಂದಿನಿಂದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಕಲಿತ ವಿದ್ಯೆ ಅದೊಂದೇ, ಆದರೆ ಚೆನ್ನಾಗಿ ಕಲಿತಿದ್ದ.

ಮರುದಿನ ಬೆಳಗ್ಗೆ ಅವನು ರೈಲಿಗೆ ಹೋದ ಮೇಲೆ ಪ್ರಮಿಳಾ ಅಡುಗೆಮನೆಯಿಂದ ಚೂರಿ ತಂದು ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಸಾತಪ್ಪ ಹೇಳಿದ ನಿಧಾನ ಅವಳ ನೆನಪಿನಲ್ಲಿತ್ತು, ಖರೆ. ಮೊದಲ ಐದು ನಿಮಿಷ ಇತ್ತು. ಆಮೇಲೆ ಗಡ್ಡೆಯ ಒಂದು ಅಂಚು ಸಡಿಲಾಯಿತು, ಇನ್ನೇನು ಬಂದೇಬಿಟ್ಟಿತು ಅನಿಸಿತು, ಕೈಗೆ ಜೋರು ಬಂತು. ಚೂರಿ ಜಾರಿ 'ಕರ್ರ್' ಎಂದಿತು. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು.

ಪ್ರಮಿಳಾ ಚೂರಿ ಹಿಂದಕ್ಕೆ ಎಳೆದುಕೊಂಡಳು.

ಆ ಸದ್ದು ಒಳಗೆ ಮಾಯಕ್ಕನಿಗೂ ಕೇಳಿತ್ತು. ನಿನ್ನೆಯಿಂದ ಬಿಗಿದುಕೊಂಡಿದ್ದ ಬಾಯಿ ಬಿಟ್ಟುಕೊಂಡೇ ಹೊರಗೆ ಬಂದಳು.

"ಏ ಹುಚ್ಚಿ! ಹಣಿಗೆ ಚೂರಿ ಹಾಕತಾರೇನ? ಇಡ ಕೆಳಗ! ಭಂಡಾರ ಹಚ್ಚಾಕ ಒಂದ ರೀತಿ ಇದ್ದಂಗ ಬಿಡಿಸಾಕೂ ಒಂದ ರೀತಿ ಇರತೈತಿ. ಬೀರಪ್ಪನ ಹಿತ್ತಾಳಿ ಮಾರಿ ವರ್ಷಾ ಯಾರ ತೊಳೀತಾರ ಅಂದಕೊಂಡಿ? ಅದರ ಮ್ಯಾಲೂ ಹಿಂಗ ಗಡ್ಡಿ ಕಟ್ಟಿರತೈತಿ. ಒಂದ ದಿನಾನಾದರೂ ಚೂರಿ ತೋರಿಸೀನೇನ ನಾನು?"

ಬೀರಪ್ಪನ ಮುಖ ತೊಳೆಯುವುದು ಆ ಓಣಿಯಲ್ಲಿ ಮಾಯಕ್ಕನ ಹಕ್ಕು. ದೀಪಾವಳಿಯ ಹಟ್ಟಿ ಹಬ್ಬಕ್ಕೆ ಮುಂಚೆ, ವರ್ಷದ ಭಂಡಾರವೆಲ್ಲ ಮೆತ್ತಿ ಮೂಗು ಕಣ್ಣು ಒಂದಾಗಿರುವ ದೇವರನ್ನು ಅವಳ ಕೈಗೆ ಕೊಡುತ್ತಾರೆ. ಎರಡು ದಿನ ಬಿಟ್ಟು ಅವಳು ಅದನ್ನು ಫಳಫಳ ಮಾಡಿ ತಿರುಗಿ ಕೊಡುತ್ತಾಳೆ. ಹೇಗೆ ಅಂತ ಪ್ರಮಿಳಾ ಯಾವತ್ತೂ ಕೇಳಿರಲಿಲ್ಲ. ಇವತ್ತು ಚೂರಿ ಕೆಳಗಿಟ್ಟು, ಬಾಯಿ ಮುಚ್ಚಿ ನೋಡಿದಳು.

ಮಾಯಕ್ಕ ಅಟ್ಟದಿಂದ ಒಂದು ಹಿಡಿ ಕುರಿಯ ಉಣ್ಣೆ ತೆಗೆದಳು, ನೂಲದ ಹಸಿ ಉಣ್ಣೆ. ಔಡಲೆಣ್ಣೆ ಬೆಚ್ಚಗೆ ಮಾಡಿ ಉಣ್ಣೆಯನ್ನು ಅದರಲ್ಲಿ ಅದ್ದಿ, ಗಾಡಿಯ ಕುತ್ತಿಗೆಗೆ ಸುತ್ತ ಮೆತ್ತಿದಳು. ಮೇಲೆ ಹಳೇ ಕಂಬಳಿಯ ತುಂಡು ಸುತ್ತಿ ಹಗ್ಗ ಕಟ್ಟಿದಳು.

"ಇನ್ನ ನಾಳೆ ಸಂಜಿ ತನಕಾ ಕೈ ಹಚ್ಚಬ್ಯಾಡ. ಎಣ್ಣಿ ತನ್ನ ಕೆಲಸ ತಾ ಮಾಡತೈತಿ."

"ನಾಳೆ ಸಂಜಿ ತನಕಾ? ಸಾಲಿಗೆ ನಾ ಹೆಂಗ ಹೋಗಲಿ?"

"ಹದಿನೈದ ವರ್ಷದ ಹಿಂದ ಹೆಂಗ ಹೋಗತಿದ್ದೀ ಹಂಗ ಹೋಗ."

ಪ್ರಮಿಳಾ ತರಕಾರಿಯನ್ನು ಚೀಲಕ್ಕೆ ತುಂಬಿದಳು. ಚೀಲ ಹೊತ್ತು ನಡೆದಳು. ನಲವತ್ತರ ಮೊಣಕಾಲಿಗೂ ಇಪ್ಪತ್ತೈದರ ಮೊಣಕಾಲಿಗೂ ಇರುವ ಅಂತರ ಎರಡನೇ ಕಿಲೋಮೀಟರಿಗೇ ಗೊತ್ತಾಯಿತು. ಶಾಲೆಯಲ್ಲಿ ಜೊತೆಗೆ ಅಡುಗೆ ಮಾಡುವ ಬಸವಣ್ಣೆವ್ವ ಬೇಳೆ ಬೇಯಿಸಿಟ್ಟು ದಾರಿ ಕಾಯುತ್ತಿದ್ದಳು. ಊಟ ಮುಕ್ಕಾಲು ಗಂಟೆ ತಡವಾಯಿತು. ಹೆಡ್‌ಮಾಸ್ತರರು ಗಡಿಯಾರ ನೋಡಿದರು ಅಷ್ಟೇ. ಬುಧವಾರವೂ ಅದೇ ಕತೆ. ಒಂದನೇ ಇಯತ್ತೆಯ ಹುಡುಗಿಯೊಬ್ಬಳು ತಟ್ಟೆ ಹಿಡಿದು ಬಂದು "ಮಾವಶಿ, ಇವತ್ತೂ ಗಾಡಿಗೆ ಆರಾಮಿಲ್ಲೇನ?" ಅಂತ ಕೇಳಿದಾಗ ಪ್ರಮಿಳಾಳ ಕಣ್ಣು ತುಂಬಿ ಬಂತು. ಒಲೆಯ ಹೊಗೆ ಅಂತ ಹೇಳಿ ಒರೆಸಿಕೊಂಡಳು. ಗ್ಯಾಸಿನ ಒಲೆಗೆ ಎಲ್ಲಿಯ ಹೊಗೆ?

ಅತ್ತ ಖಾನಾಪುರದ ಓಣಿಯಲ್ಲಿ ಕಂಬಳಿ ಸುತ್ತಿಕೊಂಡು ನಿಂತ ಮೊಪೆಡ್ಡನ್ನು ನೋಡಲು ಜನ ಬಂದುಹೋದರು. "ಏನ ಮಾಯಕ್ಕಾ, ಗಾಡಿಗೆ ನೆಗಡಿ ಆಗೈತೇನ?" ಅಂದವರಿಗೆ ಮಾಯಕ್ಕ "ಹೌದು, ಕಷಾಯ ಕುಡಿಸೀನಿ, ನೀವೂ ಒಂದೀಟ ಕುಡದ ಹೋಗ್ರಿ" ಅಂದಳು.

ಬುಧವಾರ ಸಂಜೆ ಹಗ್ಗ ಬಿಚ್ಚಿದರು. ಮಾಯಕ್ಕ ಅಂಟುವಾಳಕಾಯಿ ಕುದಿಸಿದ ಬಿಸಿ ನೀರು ತಂದಳು, ಅದೇ ಉಣ್ಣೆಯನ್ನು ಅದ್ದಿ ಮೆಲ್ಲಗೆ ಉಜ್ಜತೊಡಗಿದಳು. ಹೆಬ್ಬೆರಳಿನ ಉಗುರು ಅಂಚಿಗೆ ಹಾಕಿದ್ದೇ ಗಡ್ಡೆ ಕೊಬ್ಬರಿಯ ಬಟ್ಟಲಿನ ಹಾಗೆ ಎದ್ದು ಬಂತು. ಒಡೆದ ಕಡೆ ಪದರುಗಳು ಕಾಣುತ್ತಿದ್ದವು, ಹಳದಿ, ನೀಲಿ, ಹಳದಿ, ಹಸಿರು, ಹಳದಿ.

"ಈ ಹಸರ ನಮ್ಮ ಬಾಗಲದ್ದು," ಎಂದಳು ಮಾಯಕ್ಕ. "ಸಿದ್ದ ಬಾಗಲಕ್ಕ ತಂದ ಬಣ್ಣಾ ಉಳದಿತ್ತಂತ ಗಾಡಿಗೂ ಬಳದಿದ್ದ. ಈ ಪದರ ನಿನಗ ಆಪರೇಶನ್ ಆದ ವರ್ಷದ್ದು. ಆ ವರ್ಷ ನಾ ಅಮಾಸಿಗೊಮ್ಮೆ ಎರಡೆರಡ ಬೊಟ್ಟ ಹಚ್ಚಿದ್ದೆ."

ಪ್ರಮಿಳಾ ಬಗ್ಗಿ ನೋಡಿದಳು. ಆ ವರ್ಷದ ಪದರು ಉಳಿದವಕ್ಕಿಂತ ದಪ್ಪಗಿದ್ದದ್ದು ಅವಳಿಗೂ ಕಾಣುತ್ತಿತ್ತು.

ಕಟ್ಟಕಡೆಯ ಪದರು ಬರೀ ಎಣ್ಣೆ ಮತ್ತು ಭಂಡಾರ. ಅದು ಜಾರಿಹೋದ ಮೇಲೆ ಕಬ್ಬಿಣ ಕಂಡಿತು. ಮಾಯಕ್ಕನಿಗೆ ಓದು ಬಾರದು, ಬೆರಳು ಆಡಿಸಿ ಹೇಳಿದಳು:

"ಐತಿ ನೋಡ. ಇಲ್ಲೊಂದ ಗುಂಡಗ ಐತಿ, ತತ್ತಿ ಇದ್ದಂಗ. ಇಲ್ಲೊಂದ ಎರಡ ತತ್ತಿ, ಒಂದರ ಮ್ಯಾಲೊಂದ. ಕಡೀಕ ಒಂದ ಕುಡಗೋಲ ಐತಿ."

ಸೊನ್ನೆ, ಎಂಟು, ಕಡೆಗೆ ಏಳು. ಪ್ರಮಿಳಾ ಕಾಗದ ಹಿಡಿದು ಒಂದೊಂದೇ ಹೊಂದಿಸಿದಳು. ಹದಿನೇಳು ಅಕ್ಷರ-ಅಂಕಿಗಳೂ ಇದ್ದವು. ಕುಣಿಯಬೇಕು ಅನಿಸಿತು. ಆಗಲೇ ಕಂಡಿತು ಅದು. ಕುಡಗೋಲಿನ ಮೇಲೆ, ಕಟ್ಟಕಡೆಯ ಏಳರ ಮೇಲೆ, ಓರೆಯಾಗಿ ಒಂದು ಗೀರು. ನಿನ್ನೆಯ ಚೂರಿಯದು.

ಹದಿನೈದು ವರ್ಷದ ಭಂಡಾರ ಒಂದು ಅಂಕಿಯನ್ನೂ ಮುಟ್ಟಿರಲಿಲ್ಲ. ಅವಳ ಒಂದು ನಿಮಿಷದ ಸಿಟ್ಟು ಮುಟ್ಟಿತ್ತು.

ಇನ್ನೊಂದು ತಕರಾರು ಉಳಿದಿತ್ತು. ಅಂಕಿಗಳ ಗೆರೆಯೊಳಗೆಲ್ಲ ಹಳದಿ ಕೂತಿತ್ತು. ಪ್ರಮಿಳಾ ಅದನ್ನು ತೆಗೆಯಲು ಪಿನ್ನು ತಂದಾಗ ಮಾಯಕ್ಕ ಕೈ ಹಿಡಿದಳು.

"ಬ್ಯಾಡ. ದೇವರ ಮಾರಿ ಎಷ್ಟ ತೊಳದರೂ ಕಣ್ಣಾಗಿನ ಭಂಡಾರ ತಗೀಬಾರದು. ಅದು ರಿವಾಜ."

"ಅತ್ತೀ, ಇದು ದೇವರಲ್ರೀ…" ಎಂದು ಶುರು ಮಾಡಿದವಳು ಗೀರನ್ನು ನೋಡಿ ನಾಲಿಗೆ ಕಚ್ಚಿಕೊಂಡಳು. ತನಗೆ ತಿಳಿಯುತ್ತದೆ ಅಂತ ಮಾಡಿದ ಕೆಲಸದ ಗುರುತು ಕಣ್ಣೆದುರಿಗೇ ಇತ್ತು. ಪಿನ್ನು ಸೆರಗಿಗೆ ಚುಚ್ಚಿಕೊಂಡಳು. "ಆತು, ಇರಲಿ ಬಿಡ್ರಿ."

ಗುರುವಾರ ಬೆಳಗ್ಗೆ ಇಬ್ಬರೂ ಹೊರಟರು. ಗಾಡಿ ಯಾರ ಹೆಸರಿನಲ್ಲಿದೆಯೋ ಅವರೂ ಬರಬೇಕು ಅಂತ ಸಾತಪ್ಪ ಹೇಳಿದ್ದ. ಮಾಯಕ್ಕ ಹೊಸ ಇಳಕಲ್ ಸೀರೆ ಉಟ್ಟು, ಹಿಂದಿನ ಸೀಟಿನಲ್ಲಿ ಒಂದೇ ಬದಿಗೆ ಕಾಲು ಹಾಕಿ ಕೂತಳು. ಭಂಡಾರದ ಚೀಲ ಮಾತ್ರ ಅವಳ ಸೊಂಟದಲ್ಲಿರಲಿಲ್ಲ. ಸೋಮವಾರದಿಂದ ಅದು ದೇವರ ಮಾಡದಲ್ಲೇ ಇತ್ತು. ಚೀಲವಿಲ್ಲದೆ ಆಕೆ ಎಲ್ಲೂ ಹೋದದ್ದನ್ನು ಪ್ರಮಿಳಾ ಕಂಡಿರಲಿಲ್ಲ. ಕಿಕ್ ಹೊಡೆಯುವ ಮುನ್ನ "ನೀರಿನ ಬಾಟಲಿ ಮರತೆ" ಅಂತ ಹೇಳಿ ಒಳಗೆ ಹೋಗಿ ಬಂದಳು.

ಆರ್‌ಟಿಓ ಕಚೇರಿಯ ಬಯಲಿನಲ್ಲಿ ಹಳೇ ಗಾಡಿಗಳ ಸಾಲು ನಿಂತಿತ್ತು. ಇನ್ಸ್‌ಪೆಕ್ಟರ್ ಒಬ್ಬ ಹೆಂಗಸು, ಮಾತಿನ ರಾಗ ಈ ಕಡೆಯದಲ್ಲ. ಬ್ರೇಕು ಒತ್ತಿಸಿದರು, ಹಾರ್ನ್ ಹೊಡೆಸಿದರು, ಬಯಲಿಗೆ ಒಂದು ಸುತ್ತು ಓಡಿಸಲು ಹೇಳಿದರು. ಪ್ರಮಿಳಾ ಓಡಿಸಿ ತೋರಿಸಿದಳು. ಸಾತಪ್ಪನ ಕೈ ಸುಳ್ಳಾಗಲಿಲ್ಲ, ಗಾಡಿ ಒಂದು ಸಲವೂ ಕೆಮ್ಮಲಿಲ್ಲ.

"ಓನರ್ ಯಾರು?"

"ನಾನ್ರೀ," ಎಂದಳು ಮಾಯಕ್ಕ, ಕುರಿಹಿಂಡಿನ ಮುಂದೆ ನಿಂತ ಠೀವಿಯಲ್ಲಿ. ಮೇಡಂ ತಲೆಯೆತ್ತಿ ನೋಡಿ ಸಣ್ಣಗೆ ನಕ್ಕರು.

ಆಮೇಲೆ ನಂಬರು. ಕಾಗದದ ಪಟ್ಟಿ ಇಟ್ಟು ಪೆನ್ಸಿಲ್ ತಿಕ್ಕಿದರು. ಒಂದೊಂದೇ ಅಂಕಿ ಕಾಗದದ ಮೇಲೆ ಮೂಡಿ ಬಂತು. ಕೊನೆಗೆ ಪೆನ್ಸಿಲ್ ನಿಂತಿತು. ಮೇಡಂ ಪಟ್ಟಿ ಎತ್ತಿ ಬೆಳಕಿಗೆ ಹಿಡಿದರು, ಬಗ್ಗಿ ಮೊಬೈಲಿನ ಟಾರ್ಚು ಬಿಟ್ಟು ನೋಡಿದರು. ಮುಖದ ನಗು ಹೋಗಿತ್ತು.

"ಇದೇನಿದು? ಲಾಸ್ಟ್ ನಂಬರ್ ಮೇಲೆ ಗೀರಿದೆಯಲ್ಲ? ಹೊಸ ಗೀರು. ನಂಬರ್ ತಿದ್ದಿದ್ದಾದರೆ ಗಾಡಿ ಇಲ್ಲೇ ನಿಲ್ಲುತ್ತೆ, ಗೊತ್ತಲ್ಲ? ಯಾರು ಕೆರೆದದ್ದು?"

ಗೌಳಿವಾಡದ ಹಾದಿ, ಅರವತ್ತು ತಟ್ಟೆ, ಹೆಡ್‌ಮಾಸ್ತರರ ಗಡಿಯಾರ ಎಲ್ಲ ಒಟ್ಟಿಗೇ ಪ್ರಮಿಳಾಳ ಕಣ್ಣ ಮುಂದೆ ಬಂದವು. ಅವಳು ಬಾಯಿ ತೆರೆಯುವ ಮುಂಚೆಯೇ ಪಕ್ಕದಿಂದ ಮಾತು ಬಂತು.

"ನಾನ ಕೆರದೀನ್ರೀ ಬಾಯಾರ," ಎಂದಳು ಮಾಯಕ್ಕ. "ಮುದುಕಿ ಇದ್ದೀನಿ, ಕಣ್ಣ ಕಾಣಂಗಿಲ್ಲ. ನಂದ ಗಾಡಿ, ನಂದ ತಪ್ಪ. ಈ ಹುಡುಗಿದೇನೂ ಇಲ್ಲ. ಬೈಯೂದಿದ್ರ ನನಗ ಬೈರಿ."

ಪ್ರಮಿಳಾ ಅತ್ತೆಯ ಮುಖ ನೋಡಿದಳು. ಸುಳ್ಳು ಹೇಳುವಾಗ ಎತ್ತಲೋ ನೋಡುವ ಅಭ್ಯಾಸ ಆ ಮುಖಕ್ಕಿರಲಿಲ್ಲ, ಮೇಡಮ್ಮರನ್ನೇ ನೇರ ನೋಡುತ್ತಿತ್ತು. ಸೋಮವಾರದಿಂದ ಒಳಗೆ ಕಟ್ಟಿಕೊಂಡಿದ್ದದ್ದೇನೋ ಪ್ರಮಿಳಾಳಿಗೆ ಒಮ್ಮೆಲೇ ಸಡಿಲಾಯಿತು. ನಾಚಿಕೆಯಾಯಿತು, ಪ್ರೀತಿಯೂ ಉಕ್ಕಿತು, ಯಾವುದು ಮೊದಲು ಅಂತ ತಿಳಿಯಲಿಲ್ಲ.

"ಸುಳ್ಳರೀ ಮೇಡಂ," ಎಂದಳು. "ಕೆರದಾಕಿ ನಾನು. ಸಿಟ್ಟಿಗೆದ್ದು ಚೂರಿ ಹಾಕೀನಿ. ಇವರು ಕಬ್ಬಣ ಮುಟ್ಟಿಸಬ್ಯಾಡ ಅಂದವರು. ಗಾಡಿ ಹಿಡದ ಇಟಗೊಳ್ಳೂದಿದ್ರ ಇಟಗೋರಿ, ಆದರ ಕಾಗದದಾಗ ನನ್ನ ಹೆಸರ ಬರಕೋರಿ. ಇವರದ ಬ್ಯಾಡ."

ಮತ್ತೆ ಎಲ್ಲ ಹೇಳಿಬಿಟ್ಟಳು. ಟಗರು, ಹಣೆ, ಭಂಡಾರ, ಮೇಲೆ ಬಳಿದ ಬಣ್ಣ, ಉಣ್ಣೆ, ಔಡಲೆಣ್ಣೆ, ಒಂದನ್ನೂ ಬಿಡಲಿಲ್ಲ. ಸಾಲಿನಲ್ಲಿ ಹಿಂದೆ ನಿಂತಿದ್ದವರು ತಮ್ಮ ಗಾಡಿ ಬಿಟ್ಟು ಹತ್ತಿರ ಬಂದು ಕೇಳಿದರು. ಮೇಡಂ ಎಲ್ಲ ಕೇಳಿಸಿಕೊಂಡು, ಮತ್ತೆ ಬಗ್ಗಿ ಟಾರ್ಚು ಬಿಟ್ಟರು. ಈ ಸಲ ತುಂಬ ಹೊತ್ತು ನೋಡಿದರು.

"ಈ ನಂಬರ್ ಒಳಗೆ ಹಳದಿ ಇದೆಯಲ್ಲ, ಇದನ್ನು ಯಾಕೆ ಬಿಟ್ಟಿರಿ?"

"ಕಣ್ಣಾಗಿನ ಭಂಡಾರ ತಗೀಬಾರದ್ರೀ," ಎಂದಳು ಮಾಯಕ್ಕ.

ಮೇಡಂ ಬೆರಳಿನ ತುದಿಯಿಂದ ಆ ಏಳನ್ನು ಸವರಿದರು. "ಹ್ಞೂಂ. ಏಳರ ಗೆರೆಯೊಳಗೆ ಹಳದಿ ಕೂತಿದೆ. ಗೀರಿನೊಳಗೆ ಹಳದಿ ಇಲ್ಲ. ಅಂದರೆ ಅರಿಶಿನ ಕೂತಾಗಲೇ ಇಲ್ಲಿ ಏಳು ಇತ್ತು, ಗೀರು ಬಂದದ್ದು ನಿನ್ನೆ ಮೊನ್ನೆ." ಇನ್ನೊಂದು ಪಟ್ಟಿ ಇಟ್ಟು, ಪೆನ್ಸಿಲನ್ನು ಓರೆ ಮಾಡಿ ಹಗುರಾಗಿ ಆಡಿಸಿದರು. ಕುಡಗೋಲು ಮೂಡಿ ಬಂತು, ಅದರ ಮೇಲೆ ಕೂದಲಿನಷ್ಟು ತೆಳ್ಳಗೆ ಒಂದು ಗೆರೆ. ಕಂಪ್ಯೂಟರಿನ ಕಾಗದದಲ್ಲೂ ಏಳೇ ಇತ್ತು. "ಇವತ್ತು ಬೆಳಗ್ಗೆಯಿಂದ ಎರಡು ಗಾಡಿ ವಾಪಸ್ ಕಳಿಸಿದೀನಿ. ಎರಡೂ ನಿಮ್ಮ ಕಡೆಯವೇ. ಖಾನಾಪುರದ ಮಳೆಗೆ ನಂಬರನ್ನೆಲ್ಲ ತುಕ್ಕು ತಿಂದುಹಾಕಿತ್ತು. ನಿಮ್ಮದು ನೋಡಿದರೆ ಮೊನ್ನೆ ಹೊಡೆದ ಹಾಗಿದೆ. ಎಣ್ಣೆ ಹಾಕಿದ್ದೇ ಒಳ್ಳೇದಾಯ್ತು."

ಸಹಿ ಬಿತ್ತು. ಇನ್ನೈದು ವರ್ಷ.

"ಈಗ ಕಬ್ಬಿಣ ಬರಿದಾಗಿದೆ," ಎಂದರು ಮೇಡಂ ಕಾಗದ ಕೊಡುತ್ತ. "ಮತ್ತೆ ಏನಾದರೂ ಹಚ್ಚಿ. ಹಾಗೇ ಬಿಟ್ಟರೆ ಒಂದು ಮಳೆಗಾಲ ತಡೆಯಲ್ಲ."

ಬಯಲಿನ ಬೇವಿನ ಮರದ ಕೆಳಗೆ ಗಾಡಿ ತಂದು ನಿಲ್ಲಿಸಿದರು. ಗುರುಸಿದ್ದನ ಫೋನು ಬಂತು. "ಪಾಸ" ಎಂದಳು ಪ್ರಮಿಳಾ. ಆ ಕಡೆಯಿಂದ ಅವನು "ಹಂಗಾರ ನಾಳೆ ಬಣ್ಣಾ ತರಲೇನ?" ಅಂದದ್ದಕ್ಕೆ ಫೋನು ಇಟ್ಟೇಬಿಟ್ಟಳು.

ಮಾಯಕ್ಕ ಬೋಳು ಹಣೆಯ ಟಗರನ್ನು ನೋಡುತ್ತ ನಿಂತಿದ್ದಳು. ಕೈ ತಾನಾಗಿ ಸೊಂಟಕ್ಕೆ ಹೋಯಿತು, ಅಲ್ಲಿ ಚೀಲ ಇಲ್ಲದ್ದು ನೆನಪಾಗಿ ಹಿಂದಕ್ಕೆ ಬಂತು.

ಪ್ರಮಿಳಾ ತನ್ನ ಕೈಚೀಲದಿಂದ ನೀರಿನ ಬಾಟಲಿ ತೆಗೆದಳು. ಅದರ ಹಿಂದೆಯೇ ಭಂಡಾರದ ಚೀಲ ತೆಗೆದಳು. ಒಂದು ಸಣ್ಣ ಶೀಶೆಯಲ್ಲಿ ಎಣ್ಣೆಯೂ ಇತ್ತು.

"ಹಚ್ಚರಿ ಅತ್ತಿ."

ಮಾಯಕ್ಕ ಚೀಲದ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು. "ಹಚ್ಚಂಗಿಲ್ಲ ಅಂತ ಮಾತ ಆಡೀನಿ."

"ನಾನೂ ಭಾಳ ಮಾತ ಆಡೀನಿ. ಎಲ್ಲಾ ತಿರಗಿ ತಗೊಂಡೀನಿ. ನಿಮ್ಮದೊಂದ ತಗೋರಿ."

ಮುದುಕಿ ಇನ್ನೂ ಸ್ವಲ್ಪ ಹೊತ್ತು ಬಿಗುಮಾನ ಮಾಡಿದಳು, ಅದು ಅವಳ ಹಕ್ಕು. ಆಮೇಲೆ ಅಂಗೈಯಲ್ಲಿ ಭಂಡಾರ ಸುರಿದುಕೊಂಡು ಎಣ್ಣೆ ಬಿಟ್ಟು ಕಲಸಿದಳು.

"ನಂಬರ ಬಿಟ್ಟ ಬಾಜೂಕ ಹಚ್ಚಲೇನ? ಮತ್ತ ಕಾಣಂಗಿಲ್ಲ ಅಂತ ಒದರತಿ."

"ಹಣಿ ತುಂಬ ಹಚ್ಚರಿ," ಎಂದಳು ಪ್ರಮಿಳಾ. "ಐದ ವರ್ಷಕ್ಕ ಮತ್ತ ಇಬ್ಬರೂ ಕೂಡಿ ತೊಳಿಯೂಣು. ಈ ಸಲ ಉಣ್ಣಿ ನಾ ಹಿಡೀತೀನಿ."

ಮಾಯಕ್ಕ ಹಚ್ಚಿದಳು, ಅಂಗೈ ತುಂಬ, ಎಡಗೊಂಬಿನಿಂದ ಬಲಗೊಂಬಿನವರೆಗೆ. ಕೈಯಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ತಿರುಗಿ, ಅಷ್ಟನ್ನೂ ಸೊಸೆಯ ಹಣೆಗೆ ಬಳಿದುಬಿಟ್ಟಳು.

"ನೀನೂ ಒಂದ ಟಗರನ," ಎಂದಳು. "ಹಾಯೂದ ಬಿಟ್ಟರ ಬ್ಯಾರೆ ಗೊತ್ತಿಲ್ಲ. ನಡಿ, ಕಿಕ್ ಹೊಡಿ. ನಾಳೆ ಸಾಲಿಗೆ ತಡಾ ಆಗಬಾರದು."